ಮುಯ್ಯಾಳು ಮೊಮ್ಮಗಳ ಹಿಂದೆ ನಾಲ್ಕು ಊರು

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಗೋವಿನಕೋವಿಯ ನಮ್ಮ ಮನೆಯಿಂದ ಹೊರಟೆವು. ಸ್ಕೂಟಿ ಮೊಮ್ಮಗಳು ಚೈತ್ರಾಳದು. ಮುಂದೆ ಅವಳು, ಹಿಂದೆ ನಾನು, ಅವಳ ಕಾಲ ಬಳಿ ಒಂದು ದಪ್ಪ ಚೀಲ. ರುಮಾಲು ತೆಗೆದು ಹೆಲ್ಮೆಟ್ ಹಾಕಿಕೊಳ್ಳಬೇಕು ಎಂದಳು. ಎಪ್ಪತ್ತಾರು ವರ್ಷದ ತಲೆ, ಒಳಗೆ ಹೋದ ಮೇಲೆ ಕೊಡದಲ್ಲಿ ಬಗ್ಗಿ ನೋಡಿದ ಹಾಗಾಯಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಮದುವೆ ದಿನಾನೂ ಇಷ್ಟು ಚಂದ ಕಂಡಿರಲಿಲ್ಲ ಬಿಡ್ರಿ" ಎಂದಳು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಈ ಪ್ರವಾಸದ ವಿಷಯ ಊರಲ್ಲಿ ಕಟ್ಟೆಯ ಮೇಲೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಕೊನೆಗೆ ಚೈತ್ರಾ, "ಬರೆದು ಇಡ್ರಿ ಅಜ್ಜ, ನಿಮ್ಮ ಗಂಟಲಿಗೂ ಒಳ್ಳೇದು, ಊರಿನ ಕಿವಿಗೂ ಒಳ್ಳೇದು" ಎಂದು ನೋಟುಬುಕ್ಕು ತಂದುಕೊಟ್ಟಳು. ತಪ್ಪಿದ ಒತ್ತಕ್ಷರಗಳನ್ನು ಅವಳೇ ತಿದ್ದಿದ್ದಾಳೆ. ಹಿಗ್ಗು ಮಾತ್ರ ನನ್ನದೇ.

ನಾನು ಹೊರಟದ್ದು ಊರು ನೋಡಲಿಕ್ಕಲ್ಲ. ಚೈತ್ರಾ ಮೆಕ್ಕೆಜೋಳದ ಬೀಜ ಮಾಡುವ ಒಂದು ಕಂಪನಿಯಲ್ಲಿ ನಾಲ್ಕು ವರ್ಷದಿಂದ ಕೆಲಸದಲ್ಲಿದ್ದಾಳೆ. ವಯಸ್ಸು ಇಪ್ಪತ್ತೇಳು. ಕೃಷಿ ಡಿಪ್ಲೊಮಾ ಓದಿದವಳು. ಬೀಜ-ಗೊಬ್ಬರದ ಅಂಗಡಿಗಳಿಗೆ ಹೋಗುವುದು, ಹೊಲ ನೋಡುವುದು, ಯಾವ ಮಣ್ಣಿಗೆ ಯಾವ ಬೀಜ ಎಂದು ರೈತರಿಗೆ ಹೇಳುವುದು ಅವಳ ಕೆಲಸ. ಈಗ ಕಂಪನಿಯವರು ಹುಬ್ಬಳ್ಳಿಗೆ ಬಾ, ಮ್ಯಾನೇಜರ್ ಮಾಡುತ್ತೇವೆ, ಕಾರು ಕೊಡುತ್ತೇವೆ ಎಂದಿದ್ದರು. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹದಿನೈದು ದಿನದಿಂದ ಅವಳು "ಯೋಚನೆ ಮಾಡ್ತಿದೀನಿ" ಎನ್ನುತ್ತಿದ್ದಳು. ನನ್ನ ಮಗ, ಅಂದರೆ ಅವಳ ಅಪ್ಪ ಬಸವರಾಜ, ಹಿಂದಿನ ದಿನ ನನ್ನನ್ನು ಹಿತ್ತಲಿಗೆ ಕರೆದು, "ನಮ್ಮ ಮಾತು ಅವಳ ಕಿವಿಗೆ ಹೋಗವಲ್ದು. ಎರಡು ದಿನ ಜತೆಗೆ ಹೋಗಿ ಬಾರಪ್ಪ, ಒಪ್ಪಿಸು" ಎಂದ. ಕಾರು ಕೊಡುತ್ತೇನೆ ಎಂದರೆ ಯೋಚಿಸುವುದೇನಿದೆ ಎಂದು ನಾನೂ ಅಂದುಕೊಂಡೆ.

ಈ ಕೆಲಸ ಅವಳನ್ನು ಹೇಗೆ ಹಿಂಡಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮೊದಲ ಮೂರು ವರ್ಷ ಬೆಳಿಗ್ಗೆ ಏಳಕ್ಕೆ ಹೋದವಳು ಕತ್ತಲಾದ ಮೇಲೆ ಬರುತ್ತಿದ್ದಳು. ಭಾನುವಾರ ಫೋನಿನಲ್ಲಿ ಮೀಟಿಂಗು. ಒಂದು ದಿನ ಕೈಯಲ್ಲಿ ರೊಟ್ಟಿ ಹಿಡಿದು ಕೂತಲ್ಲೇ ನಿದ್ದೆ ಹೋಗಿದ್ದಳು. ಅವಳ ಅಜ್ಜಿ ಆ ರೊಟ್ಟಿಯನ್ನು ಮೆಲ್ಲಗೆ ಬಿಡಿಸಿಕೊಂಡು, "ಎತ್ತಿಗಾದ್ರೂ ಸೋಮವಾರ ನೊಗ ಇಲ್ಲ. ಇದೆಂಥ ನೌಕ್ರಿ" ಎಂದಿದ್ದಳು. ಆಮೇಲೆ ಒಂದು ವರ್ಷದಿಂದ ಏನೋ ಬದಲಾಯಿತು. ತಿಂಗಳಲ್ಲಿ ಮೂರು ವಾರ ಶುಕ್ರವಾರ, ಶನಿವಾರ ಬಿಸಿಲಿರುವಾಗಲೇ ಮನೆಗೆ ಬರತೊಡಗಿದಳು. ಬಂದವಳು ಶಾಲೆಯ ಬಯಲಿಗೆ ಹೋಗಿ ಊರಿನ ಹೆಣ್ಣುಮಕ್ಕಳಿಗೆ ಖೊಖೊ ಹೇಳಿಕೊಡುತ್ತಿದ್ದಳು. ಅವಳು ಓದುವಾಗ ಜಿಲ್ಲೆಗೆ ಆಡಿದವಳು. ಬಿಡುವು ಎಲ್ಲಿಂದ ಬಂತೆಂದು ನಾವು ಯಾರೂ ಕೇಳಿರಲಿಲ್ಲ.

ಅರ್ಧ ಗಂಟೆಯಲ್ಲಿ ನ್ಯಾಮತಿ ಮುಟ್ಟಿದೆವು. ರೋಹಿಣಿ ಮಳೆ ಒಂದು ಹದ ಬಿದ್ದಿತ್ತು. ತಾಲ್ಲೂಕಾದ ಮೇಲೆ ಊರಿಗೆ ಒಂದು ಗತ್ತು ಬಂದಿದೆ. ಬೀಜದ ಅಂಗಡಿಗಳ ಮುಂದೆ ಜನ, ಬೈಕು, ಗೊಬ್ಬರದ ಚೀಲ ಇಳಿಸುವ ಟ್ರ್ಯಾಕ್ಟರು. ಚೈತ್ರಾ ಒಂದು ಅಂಗಡಿಗೆ ಹೋಗಿ ಚೀಲ ಬಿಚ್ಚಿದಳು. ಒಳಗಿಂದ ನಾಲ್ಕು ಬಣ್ಣದ ಪಾಕೀಟು ತೆಗೆದಳು: ಹಸಿರು, ಹಳದಿ, ಕೆಂಪು, ನೀಲಿ. ಹಸಿರು ಅವಳ ಕಂಪನಿಯದೆಂದು ನನಗೆ ಗೊತ್ತಿತ್ತು, ಮನೆಯ ಗೋಡೆಗೆ ಅದೇ ಕ್ಯಾಲೆಂಡರು. ಉಳಿದ ಮೂರು ಬೇರೆ ಬೇರೆ ಕಂಪನಿಯವು. ನಾಲ್ಕರ ಬಗ್ಗೆಯೂ ಅಂಗಡಿಯವನಿಗೆ ಹೇಳಿದಳು, ನಾಲ್ಕರ ಬೇಡಿಕೆಯನ್ನೂ ಫೋನಿನಲ್ಲಿ ಬರೆದುಕೊಂಡಳು. ಅಂಗಡಿಯವನಿಗೆ ಅದೇನೂ ಹೊಸದಾಗಿ ಕಾಣಲಿಲ್ಲ. ನನಗೆ ಮಾತ್ರ, ಬೇರೆಯವರ ಎಮ್ಮೆಯನ್ನು ನಮ್ಮ ಹುಡುಗಿ ಯಾಕೆ ಮೇಯಿಸುತ್ತಾಳೆ ಎನಿಸಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಬೆಣ್ಣೆ ದೋಸೆ ತಿನ್ನುವಾಗ ಕೇಳಿದೆ. ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು.

"ಅಜ್ಜ, ಇದನ್ನ ಯಾರಿಗೂ ಹೇಳಬ್ಯಾಡ್ರಿ."

"ನಾನ್ಯಾರಿಗೆ ಹೇಳ್ತೀನಿ."

"ನಾವು ನಾಲ್ಕು ಜನ ಅದೀವಿ. ನಾಲ್ಕು ಕಂಪನಿ. ಎಲ್ರಿಗೂ ಇದೇ ನಾಲ್ಕು ತಾಲ್ಲೂಕು, ಎಲ್ರೂ ವಾರವಾರ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಸುತ್ತಬೇಕು. ಒಂದೇ ಅಂಗಡಿ ಮುಂದೆ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಕಾಯ್ತಿದ್ವಿ. ಒಂದು ದಿನ ನೀವು ಹೇಳಿದ್ದು ನೆನಪಾತು."

"ನಾನೇನು ಹೇಳಿದ್ದೆ?"

"ಮುಯ್ಯಿ. ಇವತ್ತು ಎಲ್ರೂ ನಿಮ್ಮ ಹೊಲಕ್ಕೆ, ನಾಳೆ ಎಲ್ರೂ ಅವರ ಹೊಲಕ್ಕೆ ಅಂತ ಹೇಳ್ತಿದ್ರಲ್ಲ. ಹಂಗೆ ನಾವೂ ಮಾಡ್ಕೊಂಡ್ವಿ. ಶುಕ್ರವಾರ ಶನಿವಾರದ ದೊಡ್ಡ ಸುತ್ತು ವಾರಕ್ಕೆ ಒಬ್ಬರದು. ಅವರು ನಾಲ್ಕೂ ಕಂಪನಿ ಚೀಲ ಹೊರ್ತಾರೆ. ಉಳಿದ ಮೂವರು ಮನೆಗೆ. ಈ ವಾರ ನನ್ನ ಸರದಿ."

ನನ್ನ ದೋಸೆ ಅಲ್ಲೇ ತಣ್ಣಗಾಯಿತು. ನನ್ನ ಪ್ರಾಯದಲ್ಲಿ ನನ್ನ ಹತ್ತಿರ ಒಂದೇ ಎತ್ತು ಇತ್ತು. ಪಕ್ಕದ ಹೊಲದವನ ಹತ್ತಿರವೂ ಒಂದೇ. ಎರಡನ್ನೂ ಕೂಡಿಸಿ ಒಂದು ದಿನ ಅವನ ಹೊಲ, ಒಂದು ದಿನ ನನ್ನ ಹೊಲ ಹೂಡುತ್ತಿದ್ದೆವು. ಕಳೆ ತೆಗೆಯಲು, ತೆನೆ ಮುರಿಯಲು ಹತ್ತು ಮನೆಯವರು ಹೀಗೇ ಕೂಡುತ್ತಿದ್ದೆವು. ಕೂಲಿ ಇಲ್ಲ. ಕಳೆಗೆ ಬಂದವರಿಗೆ ಕಳೆ ತೆಗೆದೇ ತೀರಿಸಬೇಕು, ಕೊಯ್ಲಿಗೆ ಬಂದವರಿಗೆ ಕೊಯ್ಲು. ಬಾಣಂತಿಯಾದವಳಿಗೆ ಮುಂದಿನ ವರ್ಷದವರೆಗೆ ತೀರಿಸಲು ಅವಕಾಶ. ಈ ಮಾತು ಹೇಳಿದಾಗೆಲ್ಲ ಮನೆಯಲ್ಲಿ ಹುಡುಗರು ಫೋನು ನೋಡುತ್ತಿದ್ದರು, ಯಾರೂ ಕೇಳುತ್ತಿಲ್ಲ ಎಂದು ನಾನು ನಂಬಿದ್ದೆ. ಒಬ್ಬಳು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಸ್ಕೂಟಿಗೆ ಹೂಡಿದ್ದಳು.

ಹನ್ನೊಂದೂವರೆಗೆ ಹೊನ್ನಾಳಿ. ಬಿಸಿಲು ಚುರುಗುಟ್ಟುತ್ತಿತ್ತು. ಐದು ಅಂಗಡಿ ಮುಗಿಸುವಷ್ಟರಲ್ಲಿ ನಾಲ್ವರಲ್ಲಿ ಒಬ್ಬನಾದ ಇರ್ಫಾನ್ ಬಸ್‌ಸ್ಟ್ಯಾಂಡಿಗೆ ಬಂದ. ಹಳದಿ ಪಾಕೀಟಿನ ಕಂಪನಿ ಅವನದು. ಮೂವತ್ತು ವರ್ಷವಿರಬಹುದು, ತೋಳಿನಲ್ಲಿ ಎರಡು ವರ್ಷದ ಮಗಳು. ಅವನಿಗೆ ಅಂದು ಬಿಡುವು. ನಮಗೆ ಮಂಡಕ್ಕಿ, ಮಿರ್ಚಿ ಕೊಡಿಸಿದ.

"ಮೊದಲು ಈಕೆ ನನ್ನನ್ನ ಅಂಕಲ್ ಅಂತಿದ್ಲು ಅಜ್ಜಾರೆ" ಎಂದ, ಮಗಳನ್ನು ತೋರಿಸಿ. "ಮನೆಗೆ ಯಾವಾಗ್ಲೋ ಒಮ್ಮೆ ಬರೋ ಬೀಜದ ಅಂಕಲ್. ಮೂರು ಸಲ ರಾಜೀನಾಮೆ ಬರೆದು ಹರಿದು ಹಾಕಿದೀನಿ. ನಿಮ್ಮ ಮೊಮ್ಮಗಳು ಈ ಸರದಿ ಹಾಕಿದ ಮ್ಯಾಲೆ ಅಬ್ಬಾ ಅನ್ನಾಕೆ ಕಲಿತಳು."

"ಉಳಿದ ಇಬ್ಬರು ಏನು ಮಾಡ್ತಾರಪ್ಪ ಬಿಡುವಿನ ದಿನ?"

"ಚನ್ನಗಿರಿ ಮಂಜ ಅವರಮ್ಮನ್ನ ಫಿಜಿಯೋಥೆರಪಿಗೆ ಕರ್ಕೊಂಡು ಹೋಗ್ತಾನೆ. ಜಗಳೂರು ಓಬಳೇಶ ಮಲಗ್ತಾನೆ."

"ಬರೀ ಮಲಗೋದಾ?"

"ಬರೀ ಮಲಗೋದು" ಎಂದಳು ಚೈತ್ರಾ. "ಅವನಿಗೆ ಅದೇ ಖೊಖೊ."

ನನ್ನ ಸೊಂಟ ನೋಡಿ ಇರ್ಫಾನ್ ಸ್ಕೂಟಿಯನ್ನು ತನ್ನ ಮನೆಯಲ್ಲಿ ಬಿಟ್ಟು ಬಸ್ಸಿಗೆ ಹೋಗಿ ಎಂದ. ಹಾಗೇ ಮಾಡಿದೆವು. ಚನ್ನಗಿರಿ ಬಸ್ಸಿನಲ್ಲಿ ಅವಳು ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ಪಡೆದಳು, ನಾನು ಅರವತ್ತು ರೂಪಾಯಿ ಕೊಟ್ಟೆ. "ದುಡಿಯೋಳು ನೀನು, ದುಡ್ಡು ಕೊಡೋನು ನಾನು" ಎಂದೆ. ಕಂಡಕ್ಟರ್, "ಮುಂದಿನ ಜನ್ಮದಾಗೆ ಹೆಣ್ಣಾಗಿ ಹುಟ್ರಿ ಯಜಮಾನ್ರೆ" ಎಂದ. ಸೇತುವೆಯ ಕೆಳಗೆ ತುಂಗಭದ್ರೆ ಸೊರಗಿ ಬಂಡೆಗಳ ನಡುವೆ ಹರಿಯುತ್ತಿದ್ದಳು.

ಬಸ್ಸು ಹೊಲಗಳ ನಡುವೆ ಓಡತೊಡಗಿದ ಮೇಲೆ ನನ್ನ ಕೆಲಸ ಶುರು ಮಾಡಿದೆ.

"ಕಾರು ಕೊಡ್ತಾರಂತಲ್ಲ."

"ಹೂಂ ಅಜ್ಜ."

"ಹೆಸರಿಗೆ ಮ್ಯಾನೇಜರ್ ಅಂತ ಬೋರ್ಡು."

"ಹೂಂ."

"ಮತ್ತೇನು ಯೋಚನೆ?"

ಅವಳು ಕಿಟಕಿಯ ಆಚೆ ಉತ್ತ ಹೊಲದ ಕಡೆ ತಿರುಗಿದಳು. "ಆ ಕುರ್ಚಿ ಮ್ಯಾಲೆ ಕೂತೋರು ಮೊದಲು ನಾವು ದುಡೀತಿದ್ದುದರ ಹತ್ತು ಪಟ್ಟು ದುಡೀಬೇಕು. ರಾತ್ರಿ ಊಟಕ್ಕೆ ಕೂತಾಗ ಮೂವತ್ತು ಜನರ ಲೆಕ್ಕ ಕೇಳಬೇಕು. ನನಗೆ ಈ ಕೆಲಸ ಬ್ಯಾಡ ಅಲ್ಲ ಅಜ್ಜ. ಹೊಲ ನೋಡೋದು ಇಷ್ಟ, ರೈತರ ಹತ್ರ ಮಾತಾಡೋದು ಇಷ್ಟ. ಆದ್ರೆ ಕೆಲಸ ಎಲ್ಲಿ ಮುಗೀತೈತೆ ಅಂತ ಗೊತ್ತಿರಬೇಕು. ಹೊಲಕ್ಕೆ ಬದು ಇದ್ದಂಗೆ."

"ಹಂಗಾದ್ರೆ ಬ್ಯಾಡ ಅಂತ ಹೇಳು."

"ಅಷ್ಟು ಧೈರ್ಯ ಇಲ್ಲ. ಬ್ಯಾಡ ಅಂದ್ರೆ ಅಪ್ಪಂಗೆ ಬ್ಯಾಸರ. ಬಂದಿದ್ದನ್ನ ಕಾಲಾಗೆ ಒದ್ದಳು ಅಂತಾರೆ ಜನ. ಇನ್ನೊಂದು ಸಲ ಕೇಳ್ತಾರೋ ಇಲ್ಲೋ. ನಾನು ಸೋಮಾರಿ ಆಗಿದೀನೇನೋ ಅಂತ ನನಗೇ ಅನುಮಾನ."

ಒಪ್ಪಿಸುವ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ನಮ್ಮ ಕಾಲದಲ್ಲಿ ಕೆಲಸ ನಮ್ಮನ್ನು ಕೇಳುತ್ತಿತ್ತು, ನಾವು ಕೆಲಸವನ್ನು ಏನೂ ಕೇಳುತ್ತಿರಲಿಲ್ಲ. ಈ ಮಕ್ಕಳು ಕೇಳುತ್ತಿದ್ದಾರೆ. ಕೇಳುವಾಗ ಅವರಿಗೆ ಭಯವೂ ಇದೆ. ಆದರೂ ಕೇಳುತ್ತಿದ್ದಾರೆ. ಇದು ಸೋಮಾರಿತನವಾದರೆ ಮೈಮುರಿದು ದುಡಿದ ನಾವು ಅದನ್ನು ಸ್ವಲ್ಪ ಕಲಿಯಬಹುದಿತ್ತು.

ಚನ್ನಗಿರಿಯಲ್ಲಿ ಆರು ಅಂಗಡಿ. ನಾನು ಎಣಿಸಿದೆ, ಒಂದೊಂದು ಅಂಗಡಿಯಲ್ಲೂ ಅವಳು ಮೊದಲು ಕೇಳಿದ್ದು ಹೋದ ವರ್ಷ ಬೆಳೆ ಹೇಗೆ ಬಂತು ಎಂದು, ಆಮೇಲೆ ಮಾರುವ ಮಾತು. ಒಬ್ಬ ರೈತ ಕರಿಮಣ್ಣು ಎಂದ, ಅವನಿಗೆ ಹಸಿರು. ಇನ್ನೊಬ್ಬ ಕೆಂಪು ಮಣ್ಣು, ಬೋರೂ ಇಲ್ಲ ಎಂದ, ಅವನಿಗೆ ತನ್ನ ಕಂಪನಿಯದು ಬೇಡವೆಂದು ಹೇಳಿ ಹಳದಿ ತೋರಿಸಿದಳು. ಸಂಜೆ ಉಬ್ರಾಣಿಗೆ ಹೋಗಿ ನನ್ನ ತಂಗಿ ಗಂಗಮ್ಮನ ಮನೆಯಲ್ಲಿ ಉಳಿದೆವು. ಮುದ್ದೆ, ಹುರುಳಿಕಟ್ಟಿನ ಸಾರು. ಚೈತ್ರಾ ಕೈ ತೊಳೆಯಲು ಹೋದ ಅಷ್ಟೇ ಹೊತ್ತಿನಲ್ಲಿ ನಾನು ಮುಯ್ಯಿಯ ಸಂಗತಿಯನ್ನೆಲ್ಲ ಗಂಗಮ್ಮನಿಗೆ ಹೇಳಿಬಿಟ್ಟಿದ್ದೆ. ಅವಳು ತಂಗಿ, ಮನೆಯವಳು ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ ಆರು ಗಂಟೆಗೇ ಎದ್ದು ಹೊರಟು, ಚನ್ನಗಿರಿಯಲ್ಲಿ ಬಸ್ಸು ಬದಲಾಯಿಸಿ, ದಾವಣಗೆರೆಯಲ್ಲಿ ಇನ್ನೊಂದು ಬಸ್ಸು ಹಿಡಿದು ಜಗಳೂರು ಸೇರಿದಾಗ ಹತ್ತೂವರೆ. ದಾರಿಯುದ್ದಕ್ಕೂ ಭೂಮಿಯ ಬಣ್ಣ ಬದಲಾಗುತ್ತಾ ಹೋಯಿತು. ಜಗಳೂರ ಕಡೆ ನೆಲ ಕೆಂಪು, ಆಕಾಶ ದೊಡ್ಡದು, ದೂರದ ಗುಡ್ಡದ ಮೇಲೆ ಗಾಳಿ ಕಂಬಗಳು ನಿಧಾನವಾಗಿ ತಿರುಗುತ್ತಿದ್ದವು. ಗಾಳಿ ಬೀಸುತ್ತಿದ್ದುದರಿಂದ ಸೆಖೆ ತಿಳಿಯಲಿಲ್ಲ.

ಅಲ್ಲಿ ದೊಡ್ಡ ಅಂಗಡಿ ಗುರುಬಸಪ್ಪನವರದು. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಚೈತ್ರಾ ಅವರ ಜೊತೆ ಹಿಂದಿನ ಗೋದಾಮಿಗೆ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ನಲವತ್ತರ ಆಸುಪಾಸಿನ ಒಬ್ಬ ಮಜ್ಜಿಗೆ ಹಿಡಿದು ಬಂದು ಪಕ್ಕದಲ್ಲಿ ಕೂತ. ಸಾದಾ ಅಂಗಿ, ಧೂಳು ಹಿಡಿದ ಚಪ್ಪಲಿ.

"ನಂದೂ ಆರು ಎಕರೆ ಐತೆ ಅಜ್ಜಾರೆ, ಕೆಂಪು ಮಣ್ಣು. ಆ ಹಸಿರು ಪಾಕೀಟು ಹಾಕ್ಲೇನ್ರಿ?" ಎಂದು ಕೇಳಿದ.

ಪಾಪ, ಮೋಸ ಹೋಗುತ್ತಾನಲ್ಲ ಎನಿಸಿತು. "ಕೆಂಪು ಮಣ್ಣಿಗೆ ಹಸಿರು ಬ್ಯಾಡ. ಮಳೆ ಕೈ ಕೊಟ್ರೆ ತೆನೆ ಕಟ್ಟಲ್ಲ. ಹಳದಿ ತಗೋ" ಎಂದೆ.

"ಯಾರು ಹೇಳಿದ್ರು?"

"ನಮ್ಮ ಮೊಮ್ಮಗಳು. ಹಸಿರು ಕಂಪನಿಯಾಗೇ ಕೆಲಸ ಮಾಡೋಳು. ಆದ್ರೂ ಸುಳ್ಳು ಹೇಳಲ್ಲ ಅವಳು."

"ಹೌದಾ? ಹಸಿರು ಕಂಪನಿಯೋಳು ಹಳದಿ ಮಾರ್ತಾಳಾ?"

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿನ್ನೆಯಿಂದ ನನ್ನೊಳಗೆ ಉಕ್ಕುತ್ತಿದ್ದದ್ದು ತಡೆಯಲಿಲ್ಲ. ಅವನ ಕಡೆ ತಿರುಗಿ ಕೂತು ಎಲ್ಲ ಹೇಳಿದೆ. ನಾಲ್ಕು ಕಂಪನಿಯ ನಾಲ್ಕು ಮಕ್ಕಳು, ಒಂದು ಚೀಲ, ವಾರಕ್ಕೊಬ್ಬರ ಸರದಿ, ನನ್ನ ಒಂಟಿ ಎತ್ತು, ಮುಯ್ಯಿ. ಅವನು ಬಹಳ ಚೆನ್ನಾಗಿ ಕೇಳಿಸಿಕೊಂಡ. ಅಷ್ಟು ಚೆನ್ನಾಗಿ ಕೇಳುವವರು ನಮ್ಮ ಕಟ್ಟೆಯ ಮೇಲೂ ಇಲ್ಲ. ಉಳಿದ ಮೂವರ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚೈತ್ರಾ ಗೋದಾಮಿನಿಂದ ಹೊರಗೆ ಬಂದಳು. ಅವನನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

"ಸರ್, ನೀವು ಯಾವಾಗ ಬಂದ್ರಿ?"

ಅವರು ಅವಳ ಕಂಪನಿಯ ದೊಡ್ಡ ಮ್ಯಾನೇಜರು. ಹುಬ್ಬಳ್ಳಿಯ ಕೆಲಸ, ಕಾರು ಕೊಡುತ್ತೇನೆಂದವರು ಅವರೇ. ಬಿತ್ತನೆಗೆ ಮುಂಚೆ ರೈತರ ಹಾಗೆ ಬಂದು ಅಂಗಡಿ ಅಂಗಡಿಗಳಲ್ಲಿ ಕೂತು ವಿಚಾರಿಸುವುದು ಅವರ ಪದ್ಧತಿಯಂತೆ.

ನಾನು ಕೂತ ಬೆಂಚು ನೆಲಕ್ಕಿಳಿದರೂ ಸಾಕಿತ್ತು. ಎದ್ದು ಕೈಮುಗಿದೆ. "ಸ್ವಾಮಿ, ನಾನು ವಯಸ್ಸಾದೋನು, ಬಾಯಿಗೆ ಬಂದಿದ್ದು ಅಂದೆ. ಅದೆಲ್ಲ ಸುಳ್ಳು."

ಚೈತ್ರಾ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. "ಅಜ್ಜ, ನೀವು ಹೇಳಿದ್ದು ನಿಜ ಅಲ್ಲೇನ್ರಿ?" ಎಂದಳು. ಆಮೇಲೆ ಅವರ ಕಡೆ ತಿರುಗಿ, "ಅಜ್ಜ ಹೇಳಿದ್ದೆಲ್ಲ ನಿಜ ಸರ್. ಒಂದು ವರ್ಷದಿಂದ ಹಂಗೇ ಮಾಡ್ತಿದೀವಿ" ಎಂದಳು.

"ಬೇರೆ ಮೂವರು ಯಾರು?"

ಅವಳು ಚೀಲದ ಬಾಯಿ ಬಿಗಿದು ಕಟ್ಟಿದಳು.

"ಹೆಸರು ಹೇಳಿದ್ರೆ ಇದು ಇಲ್ಲಿಗೇ ಮುಗೀತೈತೆ ಮೇಡಂ. ಅವರವರ ಕಂಪನಿಗೆ ಒಂದು ಫೋನ್ ಮಾಡ್ತೀನಿ ಅಷ್ಟೆ. ನಿಮ್ಮ ಹುಬ್ಬಳ್ಳಿ ಕೆಲಸ ನಿಮ್ದೇ."

"ಹೇಳಲ್ಲ ಸರ್."

ಅವರು ನನ್ನ ಕಡೆ ತಿರುಗಿದರು. "ಅಜ್ಜಾರೆ, ನೀವು ಹೇಳ್ರಿ. ಇಷ್ಟೊತ್ತು ಚೆನ್ನಾಗಿ ಹೇಳ್ತಿದ್ರಿ."

ಇರ್ಫಾನನ ತೋಳಿನಲ್ಲಿದ್ದ ಮಗು ಕಣ್ಣ ಮುಂದೆ ಬಂತು. ಜೀವನದಲ್ಲಿ ಮಾತಾಡಿ ಕೆಡಿಸಿದ್ದು ಬಹಳ. ಸುಮ್ಮನಿದ್ದು ಉಳಿಸುವ ಅವಕಾಶ ಸಿಕ್ಕಿದ್ದು ಆವತ್ತು. "ಮುಯ್ಯಾಳಿನ ಹೆಸರು ಹೊಲದ ಬದು ದಾಟಿಸೋ ಪದ್ಧತಿ ನಮ್ಮಲ್ಲಿಲ್ಲ ಸ್ವಾಮಿ" ಎಂದೆ. ಅಂಥ ಪದ್ಧತಿ ನಿಜವಾಗಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕ್ಷಣದಿಂದ ಇದೆ.

ಅವರ ಫೋನು ಬಡಿದುಕೊಂಡಿತು. ನೋಡಿ, ಕತ್ತರಿಸಿ, ಜೇಬಿಗಿಟ್ಟರು. ಮತ್ತೆ ಬಡಿದುಕೊಂಡಿತು. "ಹಂಗಾದ್ರೆ ಹುಬ್ಬಳ್ಳಿ ಮರೆತುಬಿಡ್ರಿ" ಎಂದರು.

"ಸರಿ ಸರ್."

"ಸೋಮವಾರದವರೆಗೆ ಟೈಮ್ ಕೇಳಿದ್ರಲ್ಲ, ಇಷ್ಟು ಬೇಗ ಸರಿ ಅಂತೀರಾ?"

"ಸೋಮವಾರ ಬ್ಯಾಡ ಅನ್ನಾಕೆ ಧೈರ್ಯ ಬರುತ್ತೋ ಇಲ್ಲೋ ಅಂತ ಹೆದರಿದ್ದೆ ಸರ್. ಇವತ್ತೇ ಬಂದ್ಬಿಡ್ತು." ಅವಳು ಒಂದು ಅಕ್ಷರವನ್ನೂ ನುಂಗಲಿಲ್ಲ. "ನನಗೆ ಈ ನಾಲ್ಕು ತಾಲ್ಲೂಕು ಸಾಕು. ಕೆಲಸದಾಗೆ ತಪ್ಪಿದ್ರೆ ಹೇಳ್ರಿ. ಇದೂ ಬ್ಯಾಡ ಅಂದ್ರೆ ಈಗ್ಲೇ ಬರೆದುಕೊಡ್ತೀನಿ."

ಗೋದಾಮಿನಿಂದ ಬಂದು ತಕ್ಕಡಿಯ ಹಿಂದೆ ಕೂತಿದ್ದ ಗುರುಬಸಪ್ಪನವರು ಬಾಯಿಬಿಟ್ಟರು. "ಸಾಹೇಬ್ರೆ, ಒಂದು ಮಾತು. ಮೊದಲಿದ್ದೋರು ಹಾಕಿಸಿದ ನಿಮ್ಮ ಹಸಿರು ಪಾಕೀಟು ಪ್ರತಿ ವರ್ಷ ಅರ್ಧ ವಾಪಸ್ ಕಳಿಸ್ತಿದ್ದೆ. ಈ ಹುಡುಗಿ ಹಾಕ್ರಿ ಅಂದಿದ್ದು ಹೋದ ವರ್ಷ ಒಂದೂ ವಾಪಸ್ ಕಳಿಸಿಲ್ಲ. ಯಾರಿಗೆ ಕೊಡಬಾರದು ಅಂತ ಗೊತ್ತಿರೋಳು. ಈಕೆ ಹೋದ್ರೆ ನಿಮ್ಮ ಪಾಕೀಟಿಗೆ ನನ್ನ ಅಂಗಡಿಯಾಗೆ ಜಾಗ ಇರಾದಿಲ್ಲ."

ಮ್ಯಾನೇಜರು ಉಳಿದ ಮಜ್ಜಿಗೆಯನ್ನು ನಿಂತೇ ಕುಡಿದರು. "ಬೇರೆ ಕಂಪನಿ ಪಾಕೀಟು ಹೊತ್ತಿದ್ದು ತಪ್ಪೇ. ಅದನ್ನ ಬರೀತೀನಿ, ಪ್ರಮೋಷನ್ನೂ ಇಲ್ಲ" ಎಂದರು. "ವಾಪಸ್ ಬರಲಿಲ್ಲ ಅನ್ನೋದನ್ನೂ ಬರೀತೀನಿ. ಬಿತ್ತನೆ ಮುಗಿಯೋವರೆಗೆ ಇಲ್ಲೇ ಇರ್ರಿ. ಆಮೇಲೆ ನೋಡೋಣ." ಚಪ್ಪಲಿಯ ಧೂಳು ಕೊಡವಿ ಹೊರಟವರು ಮೆಟ್ಟಿಲ ಹತ್ತಿರ ನಿಂತು ನನ್ನನ್ನು ಕೇಳಿದರು: "ಅಜ್ಜಾರೆ, ಆ ಎರಡು ಎತ್ತು ಹೊಂದಿಕೊಂಡವಾ?"

"ಮೊದಲ ಮೂರು ದಿನ ಬಗ್ಗಲಿಲ್ಲ ಸ್ವಾಮಿ. ಆಮೇಲೆ ಬಿಡಿಸಾಕೇ ಆಗಲಿಲ್ಲ."

ಅವರು ಇಳಿದು ಹೋದರು. ಅವರ ಫೋನು ಮೂರನೇ ಸಲ ಬಡಿದುಕೊಳ್ಳುವುದು ರಸ್ತೆಯಿಂದ ಕೇಳಿಸಿತು. ಅವರನ್ನೂ ಯಾರಾದರೂ ಮುಯ್ಯಿಗೆ ಸೇರಿಸಿಕೊಂಡಿದ್ದರೆ ಎನಿಸಿತು.

ಒಂದು ಗಂಟೆಯ ಬಸ್ಸು ಹತ್ತಿದೆವು. ಜಗಳೂರು ದಾಟುವವರೆಗೆ ನಾನು ತಲೆ ಎತ್ತಲಿಲ್ಲ. "ಬಾಯಿ ಸುಡಬೇಕು ನಂದು" ಎಂದೆ. ಅವಳು ನನ್ನ ಕೈ ಹಿಡಿದು ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ನನ್ನ ಭುಜಕ್ಕೆ ತಲೆಯಿಟ್ಟು ದಾವಣಗೆರೆವರೆಗೆ ನಿದ್ದೆ ಮಾಡಿದಳು. ಸೀಟು ಮುರಿದಿತ್ತು, ನನ್ನ ಸೊಂಟ ಹಿಡಿದಿತ್ತು. ಆದರೂ ಅಲುಗಲಿಲ್ಲ. ಇಪ್ಪತ್ತೇಳು ವರ್ಷದ ಮೊಮ್ಮಗಳು ಭುಜದ ಮೇಲೆ ನಿದ್ದೆ ಹೋಗುವ ಭಾಗ್ಯ ನನಗೆ ಬರೆದಿತ್ತು ಎಂದು ಯಾರು ಎಣಿಸಿದ್ದರು.

ದಾವಣಗೆರೆಯಲ್ಲಿ ಬಸವರಾಜನ ಫೋನು. "ಏನಾತಪ್ಪ, ಒಪ್ಪಿದ್ಲಾ?"

"ಒಪ್ಪಿಸಾಕೆ ನನ್ನ ಕೈಲಿ ಆಗಲಿಲ್ಲ. ಅವಳೇ ನನ್ನನ್ನ ಒಪ್ಪಿಸಿದ್ಲು. ಮನೆಗೆ ಬಂದು ಹೇಳ್ತೀನಿ. ಅವಳ ಮುಂದೆ ಮುಖ ಗಂಟು ಹಾಕ್ಕೊಂಡು ನಿಲ್ಲಬ್ಯಾಡ" ಎಂದೆ. ಅವನು, "ಊಟ ಮಾಡಿದ್ರಾ?" ಎಂದ. ಅವನೂ ಒಳ್ಳೆಯವನೇ.

ಇನ್ನು ಉಳಿದದ್ದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಹೊನ್ನಾಳಿಯಲ್ಲಿ ಸ್ಕೂಟಿ ಇತ್ತು, ಸ್ಕೂಟಿಯ ಹತ್ತಿರ ಇರ್ಫಾನ್ ಇರುವವನಿದ್ದ. ಮಗಳು ಅಬ್ಬಾ ಎನ್ನಲು ಕಲಿತ ಮನೆಗೆ ನಾನು ಬೆಂಕಿ ಇಟ್ಟು ಬಂದಿದ್ದೆ. ನಾಲ್ಕೂವರೆಗೆ ಇಳಿದಾಗ ಬಸ್‌ಸ್ಟ್ಯಾಂಡಿನ ಹೊರಗೆ ಸ್ಕೂಟಿ ಒರೆಸಿ ನಿಲ್ಲಿಸಿದ್ದ, ಪಕ್ಕದಲ್ಲಿ ಅವನ ಬೈಕು. ಚೈತ್ರಾ ಒಂದನ್ನೂ ಬಿಡದೆ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ಸ್ಕೂಟಿಯ ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುವುದನ್ನು ನಿಲ್ಲಿಸಿದ.

"ನನ್ನ ಹೆಸರು?"

"ಹೇಳಲಿಲ್ಲ."

"ಅಜ್ಜಾರು?"

"ಅಜ್ಜನೂ ಹೇಳಲಿಲ್ಲ."

"ಇವತ್ತಲ್ಲ ನಾಳೆ ಗೊತ್ತಾಗೋದೇ" ಎಂದ. "ಹಿಂಗೆ ಕದ್ದು ಕದ್ದು ಎಷ್ಟು ದಿನ? ನಮ್ಮ ಸಾಹೇಬ್ರಿಗೆ ಸೋಮವಾರ ನಾನೇ ಹೇಳ್ತೀನಿ. ನೀನು ಹೇಳಿ ಬದುಕಿದೀಯಲ್ಲ."

"ಕೆಲಸ ಹೋದ್ರೆ?"

"ಬಂದಿದ್ದು ನೋಡ್ಕಂತೀನಿ." ಬಗ್ಗಿ ಅವಳ ಕಾಲ ಬಳಿಯಿದ್ದ ಚೀಲವನ್ನು ಎತ್ತಿದ. ಪಾಕೀಟು ಎಣಿಸಿ, ಬಾಯಿ ಕಟ್ಟಿ, ತನ್ನ ಬೈಕಿನ ಹಿಂದೆ ಇಟ್ಟ. "ಮುಂದಿನ ಶುಕ್ರವಾರ ನನ್ನ ಸರದಿ. ನೀನು ಖೊಖೊ ಆಡ್ಸು."

ನಾನು ಹೆಲ್ಮೆಟ್ ಹಾಕಿಕೊಂಡು ಸ್ಕೂಟಿ ಹತ್ತಿದೆ. ಗೋವಿನಕೋವಿ ರಸ್ತೆಗೆ ತಿರುಗುವಾಗ ಹಿಂದೆ ನೋಡಿದೆ. ಇನ್ನೂ ಒಳ್ಳೇ ಬಿಸಿಲಿತ್ತು. ಅವನು ಒಂದು ಕಾಲು ಚಕ್ರಕ್ಕೆ ಒತ್ತಿ, ನಾಲ್ಕು ಕಂಪನಿಯ ಚೀಲವನ್ನು ಹಗ್ಗದಿಂದ ಬಿಗಿಯುತ್ತಿದ್ದ. ನಾನು ನೋಡುವುದನ್ನು ಕಂಡು ಕೈಯೆತ್ತಿ ಕೂಗಿದ:

"ಅಜ್ಜಾರೆ, ಮುಂದಿನ ವಾರ ನನ್ನ ಜತೆ ಮಾತ್ರ ಬರಬ್ಯಾಡ್ರಿ."